ಕ್ರೋಡೀಕರಣ: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ನಿದರ್ಶನಗಳೊಂದಿಗೆ

ಚದುರಿದ್ದನ್ನು ಒಂದೆಡೆ ತರುವುದು, ಸಡಿಲವಾದದ್ದನ್ನು ಗಟ್ಟಿಮಾಡುವುದು, ಹಲವಾಗಿದ್ದದ್ದು ಒಂದಾಗಿ ನಿಲ್ಲುವಂತೆ ಮಾಡುವುದು ಇವೆಲ್ಲ ಕ್ರೋಡೀಕರಣದ ವ್ಯಾಪ್ತಿಗೆ ಬರುತ್ತವೆ. ಕಂದಾಯ ಇಲಾಖೆಯವರು ಹಿಡುವಳಿ ಕ್ರೋಡೀಕರಣ ಎನ್ನುತ್ತಾರೆ. ಸಿವಿಲ್ ಎಂಜಿನಿಯರುಗಳಿಗೆ ಅದು ಮಣ್ಣಿನ ಸಾಂದ್ರೀಕರಣ, ಬ್ಯಾಂಕಿನವರಿಗೆ ವಿಲೀನ, ಖಜಾನೆಯ ಭಾಷೆಯಲ್ಲಿ ಸಂಚಿತ ನಿಧಿ ಮತ್ತು ವಿತ್ತೀಯ ಬಲವರ್ಧನೆ. ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ‘ಕನ್ಸಾಲಿಡೇಷನ್ ಇದೆ’ ಎಂದೇ ಹೇಳುತ್ತಾರೆ. ಹೆಸರು ಏನೇ ಇರಲಿ, ಇವೆಲ್ಲಕ್ಕೂ ಸಮಾನವಾದ ಒಂದು ಲಕ್ಷಣವಿದೆ. ಒಟ್ಟುಗೂಡುವಾಗ ಏನೋ ಒಂದು ಹೊರಗೆ ಹೋಗಲೇಬೇಕು. ಮಣ್ಣಿನಿಂದ ನೀರು, ಶ್ವಾಸಕೋಶದಿಂದ ಗಾಳಿ, ಹೊಲದಿಂದ ಬದು, ಬ್ಯಾಂಕಿನಿಂದ ಊರಿನ ಹೆಸರು ಹೋಗುತ್ತದೆ. ಕ್ರೋಡೀಕರಣದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಏನು ಒಂದಾಯಿತು ಎನ್ನುವುದನ್ನಷ್ಟೇ ಹೇಳುತ್ತಾರೆ. ಏನು ಹೋಯಿತು, ಹೋದದ್ದರ ಲೆಕ್ಕ ಯಾರ ಬಳಿ ಇದೆ ಎಂಬುದೂ ಅಷ್ಟೇ ಮುಖ್ಯ. ತುಮಕೂರು ನಗರ, ಗುಬ್ಬಿ, ಕುಣಿಗಲ್ ಸುತ್ತಿನಲ್ಲಿ ಈ ಬಗೆಬಗೆಯ ಕ್ರೋಡೀಕರಣಗಳಿಗೆಲ್ಲ ನಿದರ್ಶನಗಳು ಸಿಗುತ್ತವೆ.

ಹಿಡುವಳಿಗಳ ಕ್ರೋಡೀಕರಣ

ಒಬ್ಬ ರೈತನ ಜಮೀನು ನಾಲ್ಕಾರು ಕಡೆ ತುಂಡುತುಂಡಾಗಿ ಬಿದ್ದಿದ್ದರೆ ಅದನ್ನು ಅದಲುಬದಲಿನ ಮೂಲಕ ಒಂದೇ ಕಡೆಗೆ ತರುವುದು ಹಿಡುವಳಿ ಕ್ರೋಡೀಕರಣ. ಉತ್ತರ ಭಾರತದಲ್ಲಿ ಇದಕ್ಕೆ ಚಕಬಂದಿ ಎನ್ನುತ್ತಾರೆ. ನಮ್ಮ ಕ್ರಯಪತ್ರಗಳಲ್ಲಿ ಬರುವ ಚಕ್ಕುಬಂದಿ ಬೇರೆ. ಅದು ಜಮೀನಿನ ನಾಲ್ಕು ದಿಕ್ಕಿನ ಎಲ್ಲೆಯನ್ನು ಹೇಳುವ ಸಾಲು.

ಜಮೀನು ತುಂಡಾಗುವುದು ಹೇಗೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಗುಬ್ಬಿ ತಾಲ್ಲೂಕಿನ ಒಂದು ಸಾಧಾರಣ ಕುಟುಂಬಕ್ಕೆ ಕೆರೆಯ ಹಿಂದೆ ಒಂದಿಷ್ಟು ಗದ್ದೆ, ಹಳ್ಳದ ಬದಿಗೆ ತೆಂಗು ಅಡಿಕೆಯ ತೋಟ, ದಿಣ್ಣೆಯ ಮೇಲೆ ರಾಗಿ ಹೊಲ ಇವೆ ಎನ್ನೋಣ. ಮೂವರು ಅಣ್ಣತಮ್ಮಂದಿರು ಪಾಲಾಗುತ್ತಾರೆ. ಒಬ್ಬನಿಗೆ ಗದ್ದೆ, ಒಬ್ಬನಿಗೆ ತೋಟ, ಒಬ್ಬನಿಗೆ ಹೊಲ ಎಂದು ಹಂಚಿದರೆ ಯಾರೂ ಒಪ್ಪುವುದಿಲ್ಲ. ಹೊಲ ಮಳೆಯನ್ನು ನಂಬಿದೆ, ತೋಟಕ್ಕೆ ಕೊಳವೆಬಾವಿ ಬೇಕು, ಗದ್ದೆ ಕೆರೆ ತುಂಬಿದ ವರ್ಷ ಮಾತ್ರ ಬೆಳೆಯುತ್ತದೆ. ಹಾಗಾಗಿ ಮೂರನ್ನೂ ಮೂರು ಮೂರು ಭಾಗ ಮಾಡುತ್ತಾರೆ. ಒಂದು ಸರ್ವೆ ನಂಬರು ಹಿಸ್ಸಾಗಳಾಗುತ್ತದೆ, ಹಿಸ್ಸಾದೊಳಗೆ ಮತ್ತೆ ಹಿಸ್ಸಾ ಹುಟ್ಟುತ್ತದೆ. ಎಕರೆಗೆ 40 ಗುಂಟೆ. ಮೊಮ್ಮಕ್ಕಳ ಕಾಲಕ್ಕೆ ಮಾತು ಗುಂಟೆಯ ಲೆಕ್ಕಕ್ಕೆ ಇಳಿದಿರುತ್ತದೆ. ಸರ್ಕಾರಿ ವರದಿಗಳು ಇದನ್ನು ಅವಿವೇಕವೆಂಬಂತೆ ಬರೆದದ್ದುಂಟು. ನಿಜವಾಗಿ ಇದು ಬರದ ನಾಡಿನ ಜನ ಕಂಡುಕೊಂಡ ವಿಮೆ. ಒಂದು ಕಡೆ ಕೈಕೊಟ್ಟರೆ ಇನ್ನೊಂದು ಕಡೆ ಹೊಟ್ಟೆಗೆ ಸಿಗಲಿ ಎಂಬ ಎಚ್ಚರಿಕೆ ಅದರಲ್ಲಿದೆ.

ಆದರೂ ಇದರ ಬೆಲೆ ದೊಡ್ಡದು. ಪ್ರತಿ ತುಂಡಿಗೂ ಬದು, ದಾರಿ, ಕೊಳವೆಬಾವಿ ಬೇಕು. ಬದುವಿಗಾಗಿ, ದಾರಿಗಾಗಿ ಹೂಡಿದ ದಾವೆಗಳು ತಲೆಮಾರುಗಟ್ಟಲೆ ನಡೆಯುತ್ತವೆ. ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 2010-11ರಲ್ಲಿ 1.55 ಹೆಕ್ಟೇರ್ ಇದ್ದದ್ದು 2015-16ಕ್ಕೆ 1.36 ಹೆಕ್ಟೇರಿಗೆ ಇಳಿಯಿತು. ಇಡೀ ದೇಶದ ಸರಾಸರಿ 1970-71ರಲ್ಲಿ 2.28 ಹೆಕ್ಟೇರ್ ಇತ್ತು, 2015-16ಕ್ಕೆ 1.08 ಆಯಿತು.

ಕಾನೂನಿನ ಮೂಲಕ ಇದನ್ನು ತಡೆಯುವ ಪ್ರಯತ್ನ ಸ್ವಾತಂತ್ರ್ಯದ ಹೊತ್ತಿಗೇ ಶುರುವಾಯಿತು. ಮುಂಬಯಿ ಪ್ರಾಂತ್ಯ 1947ರಲ್ಲಿ, ಪೂರ್ವ ಪಂಜಾಬ್ 1948ರಲ್ಲಿ, ಉತ್ತರ ಪ್ರದೇಶ 1953ರಲ್ಲಿ ಕಾಯಿದೆ ಮಾಡಿದವು. ನಮ್ಮ ರಾಜ್ಯದ್ದು 1966ರ ಕಾಯಿದೆ. ಹಿಡುವಳಿಗಳು ಛಿದ್ರವಾಗುವುದನ್ನು ತಡೆಯುವುದು, ಛಿದ್ರವಾದವನ್ನು ಕ್ರೋಡೀಕರಿಸುವುದು ಅದರ ಎರಡು ಉದ್ದೇಶಗಳು. ನಿಗದಿತ ಅಳತೆಗಿಂತ ಚಿಕ್ಕ ತುಂಡನ್ನು ಮಾರುವವನು ಮೊದಲು ಪಕ್ಕದ ಜಮೀನಿನವನಿಗೆ ಕೊಡಬೇಕು ಎಂಬಂಥ ನಿಯಮಗಳು ಅದರಲ್ಲಿದ್ದವು. ಪಂಜಾಬ್, ಹರಿಯಾಣಗಳಲ್ಲಿ ಕ್ರೋಡೀಕರಣ ಊರೂರಿನಲ್ಲೂ ನಡೆಯಿತು. ಇಲ್ಲಿ ಕಾಯಿದೆ ಕಾಗದದಲ್ಲೇ ಹೆಚ್ಚು ಕಾಲ ಬದುಕಿ 1991ರಲ್ಲಿ ರದ್ದಾಯಿತು. ಕಾರಣವನ್ನು ನೆಲದಲ್ಲೇ ಹುಡುಕಬೇಕು. ಪಂಜಾಬಿನ ಬಯಲಿನಲ್ಲಿ ಮಣ್ಣು ಹೆಚ್ಚುಕಡಿಮೆ ಒಂದೇ ತೆರ, ಕಾಲುವೆ ನೀರೂ ಹಂಚಿಕೆಯಾಗಿ ಬರುತ್ತದೆ. ಒಂದು ಎಕರೆಗೆ ಇನ್ನೊಂದು ಎಕರೆ ಕೊಟ್ಟರೆ ಯಾರಿಗೂ ಅಂಥ ಮೋಸವಿಲ್ಲ. ತುಮಕೂರು ಸೀಮೆಯಲ್ಲಿ ಕೂಗಳತೆಯೊಳಗೆ ಕೆಂಪು ಮರಳುಮಣ್ಣು, ಕೆರೆಯಂಗಳದ ಗೋಡು, ಬಂಡೆ ಮೂರೂ ಇರುತ್ತವೆ. ಅಜ್ಜ ನೆಟ್ಟ ತೆಂಗಿನ ತೋಟಕ್ಕೆ ಯಾವ ಹೊಲವನ್ನು ಸಮವೆಂದು ಕೊಡುವುದು? ಈ ಪ್ರಶ್ನೆಗೆ ಕಾಯಿದೆಯಲ್ಲಿ ಉತ್ತರವಿರಲಿಲ್ಲ.

ಕಾಯಿದೆ ಮಾಡಲಾಗದ್ದನ್ನು ಊರಿನವರು ಅಷ್ಟಿಷ್ಟು ತಾವೇ ಮಾಡಿಕೊಂಡರು. ‘ನಾವು ಅದಲುಬದಲು ಮಾಡ್ಕೊಂಡಿದೀವಿ’ ಎನ್ನುವ ಅಣ್ಣತಮ್ಮಂದಿರು ಎಲ್ಲ ಹಳ್ಳಿಯಲ್ಲೂ ಸಿಗುತ್ತಾರೆ. ಒಬ್ಬನ ಹೆಸರಿನ ಪಹಣಿಯ ನೆಲವನ್ನು ಇನ್ನೊಬ್ಬ ಉಳುತ್ತಿರುತ್ತಾನೆ. ಬಾಯಿಮಾತಿನ ಈ ಏರ್ಪಾಟು ಹಿರಿಯರು ಇರುವಷ್ಟು ದಿನ ಚೆನ್ನಾಗಿಯೇ ನಡೆಯುತ್ತದೆ. ಸಾಲ, ಬೆಳೆವಿಮೆ, ಪರಿಹಾರದ ವಿಷಯ ಬಂದಾಗ ತೊಡಕು ಕಾಣಿಸಿಕೊಳ್ಳುತ್ತದೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ಪಹಣಿಗಳು ಗಣಕಕ್ಕೆ ಏರಿದಾಗ, ಹಳೆಯ ಕೈಬರಹದ ದಾಖಲೆಯಲ್ಲಿದ್ದ ಜಂಟಿ ಹೆಸರುಗಳೂ ಹಾಗೆಯೇ ಏರಿದವು. ಪ್ರತಿಯೊಬ್ಬನ ಭಾಗವನ್ನೂ ಅಳೆದು ಬೇರೆ ನಕ್ಷೆ ಮಾಡುವ ಪೋಡಿ ಕೆಲಸ ಇಂದಿಗೂ ಸರ್ವೆ ಇಲಾಖೆಯ ದೊಡ್ಡ ಹೊರೆ. ಕ್ರೋಡೀಕರಣಕ್ಕಿಂತ ಮೊದಲು ಯಾವುದು ಯಾರದು ಎಂದು ಬಿಡಿಸಿ ಬರೆಯಬೇಕು. ಈ ಕ್ರಮ ತಪ್ಪಿದಲ್ಲೆಲ್ಲ ಒಟ್ಟುಗೂಡಿಸುವಿಕೆ ಜಗಳದಲ್ಲಿ ಕೊನೆಗೊಂಡಿದೆ.

ಅದೇ 1966ರಲ್ಲಿ ಇನ್ನೊಂದು ಕಾಯಿದೆಯೂ ಹುಟ್ಟಿತು. ಅದು ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆ. ರೈತರ ತುಂಡು ಜಮೀನುಗಳನ್ನು ಸ್ವಾಧೀನಪಡಿಸಿಕೊಂಡು ಒಂದೇ ಬಡಾವಣೆಯಾಗಿ ಮಾಡಿ ಕಾರ್ಖಾನೆಗಳಿಗೆ ಕೊಡುವ ಅಧಿಕಾರ ಅದರದು. ರೈತನಿಗಾಗಿ ಜಮೀನು ಒಟ್ಟು ಮಾಡಬೇಕಾಗಿದ್ದ ಕಾಯಿದೆ ಸತ್ತು ದಶಕಗಳಾದವು. ಕಾರ್ಖಾನೆಗಾಗಿ ಒಟ್ಟು ಮಾಡುವ ಕಾಯಿದೆ ಇಂದಿಗೂ ಗಟ್ಟಿಮುಟ್ಟಾಗಿದೆ. ತುಮಕೂರು ಪಕ್ಕದ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಅಗಲವಾದ ರಸ್ತೆಗಳಲ್ಲಿ ನಿಂತರೆ, ಒಂದು ಕಾಲಕ್ಕೆ ಅಲ್ಲಿದ್ದ ಬದುಗಳನ್ನು ಊಹಿಸಿಕೊಳ್ಳುವುದೂ ಕಷ್ಟ. ಈ ನೆಲದಲ್ಲಿ ಭೂಕ್ರೋಡೀಕರಣ ಸಾಧ್ಯವೇ ಇಲ್ಲ ಎನ್ನುವವರು ಈ ಎರಡು ಕಾಯಿದೆಗಳ ಹಣೆಬರಹವನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಸಾಧ್ಯವಾಯಿತು, ಯಾರಿಗಾಗಿ ಎಂಬುದಷ್ಟೇ ಬದಲಾಯಿತು. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಯಿತು. ಬೆಂಗಳೂರಿಗೆ ಹತ್ತಿರದ ಕುಣಿಗಲ್, ತುಮಕೂರು ತಾಲ್ಲೂಕುಗಳಲ್ಲಿ ತುಂಡುಗಳನ್ನು ಹಣ ಕೊಟ್ಟು ಜೋಡಿಸುವ ದಾರಿಯೂ ಹೀಗೆ ತೆರೆಯಿತು.

ತುಂಡಾಗದೆ ಉಳಿದ ನೆಲಗಳೂ ಇಲ್ಲಿವೆ. ಟಿಪ್ಪು ಸುಲ್ತಾನನ ಕಾಲದಿಂದ ಬಂದ ಕುಣಿಗಲ್ ಕುದುರೆ ಫಾರಂ 400 ಎಕರೆಗೂ ಮಿಕ್ಕು ಒಂದೇ ಹರಹಾಗಿ ಊರಿನ ಪಕ್ಕದಲ್ಲೇ ಇದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 615 ಎಕರೆಯಲ್ಲಿದೆ. 2016ರಲ್ಲಿ ಶಂಕುಸ್ಥಾಪನೆಯಾಗಿ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಕಾವಲು ಎಂದರೆ ಮೈಸೂರು ಸೀಮೆಯಲ್ಲಿ ದನಗಳ ಮೇವಿಗೆಂದು ಕಾಯ್ದಿಟ್ಟ ಹುಲ್ಲುಗಾವಲು. ಅರಸರ ಕಾಲದ ಇಂಥ ಕಾವಲುಗಳು ಪಾಲಾಗದೆ ಉಳಿದದ್ದರಿಂದಲೇ ಮುಂದಿನವರಿಗೆ ದೊಡ್ಡ ಜಾಗಗಳು ಸಿಕ್ಕವು.

ಜಿಲ್ಲೆಯ ಇನ್ನೊಂದು ತುದಿಯ ಪಾವಗಡದಲ್ಲಿ ಮೂರನೆಯ ಬಗೆಯೊಂದು ನಡೆದಿದೆ. ತಿರುಮಣಿ ಸುತ್ತಿನ ಸೌರವಿದ್ಯುತ್ ಪಾರ್ಕು ಸುಮಾರು 13,000 ಎಕರೆಯಲ್ಲಿ ಹರಡಿದೆ, ಅದರ ಸಾಮರ್ಥ್ಯ 2,050 ಮೆಗಾವಾಟ್. ಇಲ್ಲಿ ರೈತರ ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುವ ಕರಾರು. ಬದು ಹೋಯಿತು, ಪಹಣಿಯಲ್ಲಿ ಹೆಸರು ಉಳಿಯಿತು. ಜಮೀನಿಲ್ಲದ ಕೂಲಿಯವರಿಗೆ ಮಾತ್ರ ಬಾಡಿಗೆಯೂ ಇಲ್ಲ, ಉಳುಮೆಯ ಕೆಲಸವೂ ಇಲ್ಲ. ಈ ಕೊರತೆಯಿದ್ದರೂ ಒಡೆತನ ಕಳೆಯದೆ ನೆಲ ಒಂದಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನಮ್ಮ ಜಿಲ್ಲೆಯಲ್ಲಿಲ್ಲ.

ಮಣ್ಣಿನ ಸಾಂದ್ರೀಕರಣ

ಜೇಡಿಮಣ್ಣಿನ ಮೇಲೆ ಭಾರ ಬಿದ್ದಾಗ ಅದರ ಕಣಗಳ ನಡುವೆ ಸಿಕ್ಕಿಕೊಂಡ ನೀರು ನಿಧಾನವಾಗಿ ಹಿಂಡಿಹೋಗಿ ಮಣ್ಣು ಕುಗ್ಗುವುದು ಸಾಂದ್ರೀಕರಣ. ಇದನ್ನು ದಮ್ಮಸ್ಸಿನೊಂದಿಗೆ ಬೆರೆಸಬಾರದು. ದಮ್ಮಸ್ಸು ಹಾಕಿದಾಗ, ಅಂದರೆ ರೋಲರ್ ಓಡಿಸಿದಾಗ ಅಥವಾ ದನ ತುಳಿಸಿದಾಗ, ಹೊರಗೆ ಹೋಗುವುದು ಗಾಳಿ. ಅದು ಆ ಗಳಿಗೆಯಲ್ಲೇ ಮುಗಿಯುತ್ತದೆ. ನೀರು ಹೋಗುವುದಕ್ಕೆ ತಿಂಗಳುಗಳು, ದಪ್ಪ ಜೇಡಿಯಲ್ಲಿ ವರ್ಷಗಳು ಬೇಕು.

ಆಸ್ಟ್ರಿಯಾ ಮೂಲದ ಎಂಜಿನಿಯರ್ ಕಾರ್ಲ್ ಟೆರ್ಜಾಗಿ ಇದರ ಗಣಿತವನ್ನು ಬಿಡಿಸಿದ. 1925ರಲ್ಲಿ ಪ್ರಕಟವಾದ ಅವನ ಗ್ರಂಥದಿಂದಲೇ ಆಧುನಿಕ ಮಣ್ಣಿನ ಶಾಸ್ತ್ರ ಆರಂಭವಾಯಿತೆಂದು ಹೇಳುವುದು ವಾಡಿಕೆ. ಭಾರ ಬಿದ್ದ ಮೊದಲ ಕ್ಷಣ ಅದನ್ನು ಹೊರುವುದು ಮಣ್ಣಲ್ಲ, ನೀರು. ನೀರು ಸರಿದಂತೆಲ್ಲ ಭಾರ ಕಣದಿಂದ ಕಣಕ್ಕೆ ವರ್ಗವಾಗುತ್ತದೆ. ಇದು ಅವನ ಕಾಣ್ಕೆ. ನೀರು ಹೊರಬರಬೇಕಾದ ದಾರಿಯ ಉದ್ದ ಎರಡರಷ್ಟಾದರೆ ಹಿಡಿಯುವ ಕಾಲ ನಾಲ್ಕರಷ್ಟಾಗುತ್ತದೆ ಎಂಬುದೂ ಅವನ ಸಮೀಕರಣದಿಂದಲೇ ಬಂದ ಫಲ.

ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ಪರೀಕ್ಷೆಯನ್ನು ಪ್ರಯೋಗಶಾಲೆಯಲ್ಲಿ ಮಾಡುತ್ತಾರೆ. 60 ಮಿಲಿಮೀಟರ್ ಅಡ್ಡಳತೆಯ, 20 ಮಿಲಿಮೀಟರ್ ಎತ್ತರದ ಲೋಹದ ಬಳೆಯೊಳಗೆ ಮಣ್ಣಿನ ಬಿಲ್ಲೆಯನ್ನು ಕೂರಿಸಿ, ಮೇಲೊಂದು ಕೆಳಗೊಂದು ನೀರು ಸೋಸುವ ಕಲ್ಲನ್ನು ಇಟ್ಟು, ಸನ್ನೆಗೋಲಿನ ತುದಿಗೆ ತೂಕ ಹೇರುತ್ತಾರೆ. ಕಾಲು ನಿಮಿಷ, ಒಂದು ನಿಮಿಷ, ನಾಲ್ಕು ನಿಮಿಷ ಎಂದು ಡಯಲಿನ ಮುಳ್ಳನ್ನು ಓದುತ್ತ ಹೋಗುತ್ತಾರೆ. ಮೊದಮೊದಲು ಮುಳ್ಳು ಸರಸರನೆ ಸರಿಯುತ್ತದೆ, ಸಂಜೆಯ ಹೊತ್ತಿಗೆ ನಿಂತೇಹೋಯಿತೇನೋ ಅನ್ನಿಸುತ್ತದೆ. 24 ಗಂಟೆ ಬಿಟ್ಟು ತೂಕವನ್ನು ಎರಡರಷ್ಟು ಮಾಡುತ್ತಾರೆ. ಇಡೀ ಪರೀಕ್ಷೆಗೆ ವಾರವೇ ಹಿಡಿಯುತ್ತದೆ.

ನಮ್ಮ ಕೆರೆ ಕಟ್ಟಿದವರಿಗೆ ಈ ಸಮೀಕರಣ ಗೊತ್ತಿರಲಿಲ್ಲ, ಆದರೆ ಮಣ್ಣಿನ ಸ್ವಭಾವ ಗೊತ್ತಿತ್ತು. ಏರಿಗೆ ಮಣ್ಣನ್ನು ತೆಳುವಾದ ಪದರಗಳಾಗಿ ಹಾಕುವುದು, ಒಂದೊಂದು ಪದರವನ್ನೂ ತುಳಿಸುವುದು, ಮಳೆಗಾಲ ಕಳೆದ ಮೇಲೆ ಕುಸಿದ ಕಡೆ ಮತ್ತೆ ಮಣ್ಣು ಏರಿಸುವುದು ಒಡ್ಡರ ಕಸುಬಿನ ಪಾಠಗಳು. ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ದೊಡ್ಡಕೆರೆ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ತುಮಕೂರಿನ ಅಮಾನಿಕೆರೆ ಇವುಗಳ ಏರಿಗಳು ತಮ್ಮ ಭಾರದಲ್ಲೇ ತಾವು ಕೂತು ಗಟ್ಟಿಯಾದವು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಇನ್ನೂ ಒಳ್ಳೆಯ ನಿದರ್ಶನ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿಂಷಾ ನದಿಗೆ ಕಟ್ಟಿದ ಈ ಅಣೆಕಟ್ಟಿನಲ್ಲಿ ಕಲ್ಲುಕಟ್ಟಡದ ಭಾಗ 139 ಮೀಟರ್ ಮಾತ್ರ, ಎರಡು ಬದಿಯ ಮಣ್ಣಿನ ಏರಿ 1,470 ಮೀಟರ್. ನೀರು ಮಟ್ಟ ಮೀರಿದರೆ ತಾನಾಗಿ ಹೊರಬೀಳುವ ಸೈಫನ್ ವ್ಯವಸ್ಥೆಯನ್ನು ನೋಡಲು ಜನ ಹೋಗುತ್ತಾರೆ. ಅದರ ಪಕ್ಕದಲ್ಲಿ ಸದ್ದಿಲ್ಲದೆ ನೀರು ತಡೆದು ನಿಂತಿರುವ ಮಣ್ಣಿನ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಕೈಬೆರಳಿನಷ್ಟು ಕುಸಿತವನ್ನೂ ಮೊದಲೇ ಲೆಕ್ಕ ಹಾಕಿ ಏರಿಯನ್ನು ಅಷ್ಟು ಹೆಚ್ಚು ಎತ್ತರಿಸುವುದು ಇಂಥ ಕಟ್ಟೋಣದ ನಿಯಮ. ಕುಣಿಗಲ್ ಮೂಲಕ ಬೆಂಗಳೂರು–ಹಾಸನ ರೈಲು 2017ರಲ್ಲಿ ಓಡತೊಡಗಿತು. ಆ ಹಳಿಯ ಕೆಳಗಿನ ಏರಿಗೂ ಇದೇ ನಿಯಮ.

ಸಾಂದ್ರೀಕರಣಕ್ಕೆ ಕಾಯದ ಕಟ್ಟಡಗಳು ಬಿರುಕು ಬಿಡುತ್ತವೆ. ಕೆರೆಯಂಗಳ, ಕಟ್ಟೆ, ಹಳ್ಳಗಳನ್ನು ಮುಚ್ಚಿ ಮಾಡಿದ ಬಡಾವಣೆಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರುವ ಬಿರುಕು ಕಂಡರೆ, ಮನೆಯ ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಕೂತಿದೆ ಎಂದರ್ಥ. ಸುಣ್ಣ ಬಳಿದರೆ ಅದು ಮುಚ್ಚುತ್ತದೆ, ವಾಸಿಯಾಗುವುದಿಲ್ಲ.

ಶ್ವಾಸಕೋಶ

ಇಲ್ಲಿ ಗಟ್ಟಿಯಾಗುವುದು ರೋಗದ ಲಕ್ಷಣ. ನ್ಯುಮೋನಿಯಾದಲ್ಲಿ ಶ್ವಾಸಕೋಶದ ಗಾಳಿಗೂಡುಗಳಲ್ಲಿ ಗಾಳಿಯ ಬದಲು ಕೀವು, ದ್ರವ, ರಕ್ತಕಣಗಳು ತುಂಬಿಕೊಳ್ಳುತ್ತವೆ. ಎಕ್ಸ್‌ರೇಯಲ್ಲಿ ಕಪ್ಪಾಗಿ ಕಾಣಬೇಕಾದ ಭಾಗ ಬೆಳ್ಳಗೆ ಕಾಣುತ್ತದೆ. ಅದರೊಳಗೆ ಕವಲೊಡೆದ ಕಪ್ಪು ಗೆರೆಗಳಾಗಿ ಗಾಳಿನಾಳಗಳು ಎದ್ದು ಕಾಣುತ್ತವೆ. ಮನೆಯಲ್ಲಿ ಜನ ‘ಎದೆ ಕಟ್ಟಿದೆ’, ‘ಕಫ ಕಟ್ಟಿದೆ’ ಎನ್ನುವುದರಲ್ಲಿ ಎಲ್ಲವೂ ಈ ಸ್ಥಿತಿಯಲ್ಲ, ಹೆಚ್ಚಿನವು ಬರೀ ನೆಗಡಿ ಕೆಮ್ಮು.

ಎಕ್ಸ್‌ರೇ ಬರುವ ಮೊದಲೂ ವೈದ್ಯರು ಇದನ್ನು ಕಂಡುಹಿಡಿಯುತ್ತಿದ್ದರು. ಆಸ್ಟ್ರಿಯಾದ ಆವೆನ್‌ಬ್ರುಗ್ಗರ್ ಎಂಬ ವೈದ್ಯ ಎದೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳುವ ವಿಧಾನವನ್ನು 1761ರಲ್ಲಿ ಪ್ರಕಟಿಸಿದ. ನಮ್ಮ ಕಡೆ ತೆಂಗಿನಕಾಯಿ ವ್ಯಾಪಾರಿ ಕಾಯನ್ನು ತಟ್ಟಿ ಒಳಗಿನ ನೀರು, ಕೊಬ್ಬರಿಯ ಲೆಕ್ಕ ಹೇಳುವ ಹಾಗೆಯೇ ಇದು. ಗಾಳಿ ತುಂಬಿದ ಕಡೆ ಸದ್ದು ಗುಂಯ್ ಎನ್ನುತ್ತದೆ, ಗಟ್ಟಿಯಾದ ಕಡೆ ಮಂದವಾಗುತ್ತದೆ. 1816ರಲ್ಲಿ ಫ್ರಾನ್ಸಿನ ಲೆನೆಕ್ ಸ್ಟೆತಾಸ್ಕೋಪ್ ಕಂಡುಹಿಡಿದ ಮೇಲೆ ಉಸಿರಿನ ಸದ್ದಿನಿಂದಲೂ ರೋಗ ಗುರುತಿಸುವುದಾಯಿತು. ರೋಗಿಯಿಂದ ಒಂದೇ ಪದವನ್ನು ಮತ್ತೆ ಮತ್ತೆ ಹೇಳಿಸಿದರೆ, ಗಟ್ಟಿಯಾದ ಭಾಗದ ಮೇಲೆ ಆ ಮಾತು ಕಿವಿಗೆ ಹೆಚ್ಚು ಸ್ಪಷ್ಟವಾಗಿ ಕೇಳುತ್ತದೆ. ತುಮಕೂರಿನ ಅಗಳಕೋಟೆಯಲ್ಲಿ 1988ರಲ್ಲಿ ಆರಂಭವಾದ ಸಿದ್ಧಾರ್ಥ ವೈದ್ಯಕೀಯ ಕಾಲೇಜಿನಂಥ ಕಡೆ ಕಲಿಯುವ ಹುಡುಗ ಹುಡುಗಿಯರಿಗೆ ಕೈ, ಕಿವಿಗಳ ಈ ಪಾಠ ಇಂದಿಗೂ ತಪ್ಪಿಲ್ಲ.

ಹಳ್ಳಿಯಲ್ಲಿ ಕೆಲಸಕ್ಕೆ ಬರುವುದು ಇನ್ನೂ ಸರಳವಾದ ಲೆಕ್ಕ. ಮಗುವಿನ ಎದೆಯ ಏರಿಳಿತವನ್ನು ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಎಣಿಸುತ್ತ ಕೂರುವುದೂ ಬೇಡ. 2021ರಲ್ಲಿ ನ್ಯುಮೋಕಾಕಲ್ ಲಸಿಕೆ ದೇಶದ ಎಲ್ಲ ರಾಜ್ಯಗಳ ಉಚಿತ ಲಸಿಕೆಗಳ ಪಟ್ಟಿಗೆ ಸೇರಿತು. ಚಿಕಿತ್ಸೆ ಸಿಕ್ಕರೆ ಗಟ್ಟಿಯಾದ ಭಾಗ ಕರಗಿ ಮತ್ತೆ ಗಾಳಿ ತುಂಬಿಕೊಳ್ಳುತ್ತದೆ. ಕ್ರೋಡೀಕರಣಗಳಲ್ಲೆಲ್ಲ ಬಿಡಿಸಿಕೊಳ್ಳಲೇಬೇಕಾದದ್ದು ಇದೊಂದೇ.

ನೆನಪು

ಕಲಿತದ್ದು ಕೂಡಲೇ ನೆಲೆಯಾಗುವುದಿಲ್ಲ. ಜರ್ಮನಿಯ ಮ್ಯೂಲರ್ ಮತ್ತು ಪಿಲ್ಝೆಕರ್ 1900ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಅರ್ಥವಿಲ್ಲದ ಪದಗಳ ಒಂದು ಪಟ್ಟಿಯನ್ನು ಕಲಿತ ಬೆನ್ನಿಗೇ ಇನ್ನೊಂದನ್ನು ಕಲಿಸಿದರೆ ಮೊದಲನೆಯದು ಮಾಸಿಹೋಗುತ್ತಿತ್ತು. ನಡುವೆ ಸ್ವಲ್ಪ ಬಿಡುವು ಕೊಟ್ಟರೆ ಉಳಿಯುತ್ತಿತ್ತು. ನೆನಪು ಗಟ್ಟಿಯಾಗುವ ಈ ಕ್ರಿಯೆಗೆ ಅವರೇ ಕ್ರೋಡೀಕರಣ ಎಂಬರ್ಥದ ಹೆಸರಿಟ್ಟರು. 1924ರಲ್ಲಿ ಅಮೆರಿಕದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್, ಕಲಿತ ಮೇಲೆ ಎಚ್ಚರವಾಗಿರುವುದಕ್ಕಿಂತ ನಿದ್ದೆ ಹೋದರೆ ಮರೆವು ಕಡಿಮೆ ಎಂದು ಕಂಡರು. 1953ರಲ್ಲಿ ಮೂರ್ಛೆರೋಗಕ್ಕೆಂದು ಮಿದುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ ಹೆನ್ರಿ ಮೊಲೈಸನ್ ಹಿಪೊಕ್ಯಾಂಪಸ್ ಭಾಗವನ್ನು ಕಳೆದುಕೊಂಡ. ಆಮೇಲೆ ಅವನಿಗೆ ಬಾಲ್ಯದ ನೆನಪು ಇತ್ತು, ಆಗತಾನೆ ಮಾತಾಡಿಸಿ ಹೋದವರ ನೆನಪು ಉಳಿಯುತ್ತಿರಲಿಲ್ಲ. ಹೊಸ ನೆನಪನ್ನು ನೆಲೆಗೊಳಿಸುವ ಅಂಗ ಯಾವುದೆಂದು ಜಗತ್ತಿಗೆ ತಿಳಿದದ್ದು ಈತನಿಂದ.

ಗುಬ್ಬಿಯ ಹೆಸರು ನಾಡಿಗೆ ಪರಿಚಯವಾದದ್ದು ನೆನಪನ್ನೇ ಬಂಡವಾಳ ಮಾಡಿಕೊಂಡ ಕಸುಬಿನಿಂದ. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಗೆ ಬಾಲಕನಾಗಿ ಸೇರಿದ ವೀರಣ್ಣನವರು 1917ರಲ್ಲಿ ಅದರ ಒಡೆಯರಾದರು. ಮುಂದೆ ರಾಜ್‌ಕುಮಾರ್, ಬಿ.ವಿ. ಕಾರಂತರಂಥವರು ಎಳೆಯ ವಯಸ್ಸಿನಲ್ಲೇ ಈ ಕಂಪನಿಯ ಅನ್ನ ಉಂಡು ಬೆಳೆದರು. ಕಂಪನಿ ನಾಟಕದ ಹುಡುಗರು ತಾಲೀಮಿನಲ್ಲಿ ಮಾತು, ಕಂದ, ಮಟ್ಟುಗಳನ್ನು ಕೇಳಿ ಕೇಳಿಯೇ ಕಲಿಯುತ್ತಿದ್ದರು. ರಾತ್ರಿಯೆಲ್ಲ ಆಟ, ಹಗಲು ನಿದ್ದೆ, ಮತ್ತೆ ತಾಲೀಮು ಅವರ ದಿನಚರಿ. ಕಲಿಕೆ, ನಿದ್ದೆ, ಮರುಕಲಿಕೆ ಎಂಬ ಈ ಸುತ್ತು ನೆನಪು ಗಟ್ಟಿಯಾಗಲು ಬೇಕಾದದ್ದೇ ಎಂದು ಇಂದಿನ ಪ್ರಯೋಗಗಳು ಹೇಳುತ್ತಿವೆ. 2000ದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗವೊಂದು ಇನ್ನೊಂದು ಸಂಗತಿಯನ್ನು ತೋರಿಸಿತು. ಗಟ್ಟಿಯಾದ ನೆನಪನ್ನು ಹೊರತೆಗೆದಾಗ ಅದು ಮತ್ತೆ ಸಡಿಲವಾಗುತ್ತದೆ, ಬದಲಾಗಲೂಬಹುದು, ಮತ್ತೆ ಗಟ್ಟಿಯಾಗಬೇಕಾಗುತ್ತದೆ. ಒಂದೇ ಪಾತ್ರವನ್ನು ವರ್ಷಗಟ್ಟಲೆ ಮಾಡಿದ ನಟನ ಮಾತು ಬರೆದ ಪ್ರತಿಯಿಂದ ದೂರ ಸರಿಯುವುದೇಕೆ ಎಂಬುದಕ್ಕೆ ಇದೂ ಒಂದು ಕಾರಣವಿರಬಹುದು.

ಬ್ಯಾಂಕುಗಳ ವಿಲೀನ

1913ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹುಟ್ಟಿದ ಮೈಸೂರು ಬ್ಯಾಂಕ್ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿಗೆ, 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. 2017ರಲ್ಲಿ 27 ಇದ್ದ ಸರ್ಕಾರಿ ಬ್ಯಾಂಕುಗಳು 2020ಕ್ಕೆ 12 ಆದವು. ದೊಡ್ಡ ಬಂಡವಾಳ, ಕಡಿಮೆ ಖರ್ಚು, ವಸೂಲಾಗದ ಸಾಲವನ್ನು ತಾಳುವ ಶಕ್ತಿ ಎಂಬ ಕಾರಣಗಳನ್ನು ಸರ್ಕಾರ ಕೊಟ್ಟಿತು, ಅವುಗಳಲ್ಲಿ ಹುರುಳಿಲ್ಲದಿಲ್ಲ.

ತುಮಕೂರಿಗೆ ಹೆಚ್ಚು ಹತ್ತಿರದ ಕಥೆ ಗ್ರಾಮೀಣ ಬ್ಯಾಂಕಿನದು. ಕಲ್ಪತರು ನಾಡು ಎಂಬ ಜಿಲ್ಲೆಯ ಅಡ್ಡಹೆಸರನ್ನೇ ಹೊತ್ತ ಕಲ್ಪತರು ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ತುಮಕೂರಿನಲ್ಲೇ ಇತ್ತು. ಈ ಶತಮಾನದ ಮೊದಲ ದಶಕದಲ್ಲಿ ಅದು ಕಾವೇರಿ ಗ್ರಾಮೀಣ ಬ್ಯಾಂಕಿನೊಂದಿಗೆ ಸೇರಿ ಕಾವೇರಿ ಕಲ್ಪತರು ಆಯಿತು, ಕಚೇರಿ ಮೈಸೂರಿಗೆ ಹೋಯಿತು. 2012ರಲ್ಲಿ ಇನ್ನೆರಡು ಬ್ಯಾಂಕುಗಳು ಸೇರಿದಾಗ ಹೆಸರಿನಿಂದ ಕಲ್ಪತರು ಬಿಟ್ಟುಹೋಯಿತು. 2019ರಲ್ಲಿ ಪ್ರಗತಿ ಕೃಷ್ಣ ಬ್ಯಾಂಕಿನೊಂದಿಗೆ ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕಾಗಿ ಕಚೇರಿ ಬಳ್ಳಾರಿಗೆ ಸಾಗಿತು. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಉಳಿಯಿತು. ದೇಶದಲ್ಲಿ ಒಂದು ಕಾಲಕ್ಕೆ 196 ಇದ್ದ ಇಂಥ ಬ್ಯಾಂಕುಗಳು ಈಗ 28.

ಗ್ರಾಹಕನಿಗೆ ವಿಲೀನ ಎಂದರೆ ಪಾಸ್‌ಬುಕ್ಕಿನ ಹೊಸ ಹೊದಿಕೆ ಮತ್ತು ಐಎಫ್‌ಎಸ್‌ಸಿ ಸಂಖ್ಯೆ. ಎಸ್‌ಬಿಎಂವೈ ಎಂದು ಶುರುವಾಗುತ್ತಿದ್ದದ್ದು ಎಸ್‌ಬಿಐಎನ್ ಆಯಿತು, ಎಸ್‌ವೈಎನ್‌ಬಿ ಸಿಎನ್‌ಆರ್‌ಬಿ ಆಯಿತು. ಪಿಂಚಣಿ, ಹಾಲಿನ ಬಟವಾಡೆ, ವಿದ್ಯಾರ್ಥಿವೇತನ ಎಲ್ಲದಕ್ಕೂ ಕೊಟ್ಟಿದ್ದ ಹಳೆಯ ಸಂಖ್ಯೆಯನ್ನು ಬದಲಿಸಿಕೊಳ್ಳುವ ಕೆಲಸ ಖಾತೆದಾರನ ಪಾಲಿಗೆ ಬಂತು. ತೆಂಗಿನ ತೋಟದ ಲೆಕ್ಕಾಚಾರ ಗೊತ್ತಿದ್ದ ಅಧಿಕಾರಿ ಜಿಲ್ಲೆಯಲ್ಲೇ ಕೂತು ಸಾಲದ ನೀತಿ ತೀರ್ಮಾನಿಸುತ್ತಿದ್ದ ಸ್ಥಿತಿ ಇದರೊಂದಿಗೆ ಹೋಯಿತು. ಈ ನಷ್ಟಕ್ಕೆ ವಾರ್ಷಿಕ ವರದಿಯಲ್ಲಿ ಅಂಕಣವಿಲ್ಲ.

ಸಾಲ, ಖಜಾನೆ, ಲೆಕ್ಕಪತ್ರ

ಹಲವು ಸಾಲಗಳನ್ನು ತೀರಿಸಿ ಒಂದೇ ಸಾಲ ಮಾಡಿಕೊಳ್ಳುವುದೂ ಕ್ರೋಡೀಕರಣವೇ. ಕೈಸಾಲ, ಮೈಕ್ರೊಫೈನಾನ್ಸಿನ ವಾರದ ಕಂತು, ಚೀಟಿ ಎಲ್ಲವನ್ನೂ ಒಡವೆ ಅಡವಿಟ್ಟು ತೀರಿಸುವ ಹೆಂಗಸು ಮಾಡುತ್ತಿರುವುದು ಅದನ್ನೇ. ಬಡ್ಡಿ ಕಡಿಮೆಯಾಗಿ ಕಂತು ಒಂದಾದರೆ ಲಾಭ. ಹಳೆಯದು ತೀರದೆ ಹೊಸದೂ ಸೇರಿದರೆ ಕುಣಿಕೆ ಬಿಗಿಯುತ್ತದೆ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

ಸರ್ಕಾರಗಳ ಸಾಲಕ್ಕೂ ಇದೇ ಚರಿತ್ರೆಯಿದೆ. ಬ್ರಿಟನ್ 18ನೇ ಶತಮಾನದ ನಡುವಿನಲ್ಲಿ ತನ್ನ ಬಗೆಬಗೆಯ ಸಾಲಪತ್ರಗಳನ್ನು ಒಂದುಗೂಡಿಸಿ ಕನ್ಸೋಲ್ ಎಂಬ ಪತ್ರಗಳನ್ನು ಹೊರಡಿಸಿತು. ಅವುಗಳ ಕೊನೆಯ ಕಂತು ತೀರಿದ್ದು 2015ರಲ್ಲಿ. ಎಲ್ಲ ಆದಾಯವೂ ಒಂದೇ ನಿಧಿಗೆ ಬಂದು ಅಲ್ಲಿಂದಲೇ ಖರ್ಚಾಗಬೇಕೆಂಬ ಪದ್ಧತಿ ಅಲ್ಲಿ 1787ರಲ್ಲಿ ನೆಲೆಗೊಂಡಿತು. ನಮ್ಮ ಸಂವಿಧಾನದ 266ನೇ ವಿಧಿ ಕೇಂದ್ರಕ್ಕೂ ಪ್ರತಿ ರಾಜ್ಯಕ್ಕೂ ಒಂದೊಂದು ಸಂಚಿತ ನಿಧಿಯನ್ನು ಹೇಳುತ್ತದೆ. ಶಾಸನಸಭೆಯ ಒಪ್ಪಿಗೆಯಿಲ್ಲದೆ ಅದರಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಆದಾಯ–ವೆಚ್ಚದ ಅಂತರವನ್ನು ಮಿತಿಯಲ್ಲಿಡುವ ವಿತ್ತೀಯ ಹೊಣೆಗಾರಿಕೆ ಕಾಯಿದೆಯನ್ನು ದೇಶದಲ್ಲೇ ಮೊದಲು, 2002ರಲ್ಲಿ, ಮಾಡಿದ ರಾಜ್ಯ ಕರ್ನಾಟಕ. ಕೇಂದ್ರದ ಕಾಯಿದೆ ಬಂದದ್ದು ಮರುವರ್ಷ.

2017ರ ಜುಲೈ 1ರಂದು ಜಾರಿಯಾದ ಜಿಎಸ್‌ಟಿ ಕೂಡ ಇದೇ ಜಾತಿಯದು. ಮೌಲ್ಯವರ್ಧಿತ ತೆರಿಗೆ, ಪ್ರವೇಶ ತೆರಿಗೆ, ಸೇವಾ ತೆರಿಗೆ, ಅಬಕಾರಿ ಸುಂಕದ ಬಹುಭಾಗ ಅದರೊಳಗೆ ಕರಗಿದವು. 2013ರ ಕಂಪನಿ ಕಾಯಿದೆಯ ಪ್ರಕಾರ ಅಂಗಸಂಸ್ಥೆಗಳಿರುವ ಕಂಪನಿ ಎಲ್ಲವನ್ನೂ ಸೇರಿಸಿದ ಕ್ರೋಡೀಕೃತ ಲೆಕ್ಕಪತ್ರ ಕೊಡಬೇಕು. ಷೇರುಪೇಟೆಯವರು ಬೆಲೆ ಏರದೆ ಇಳಿಯದೆ ಒಂದೇ ಮಟ್ಟದಲ್ಲಿ ಆಡುವ ಕಾಲವನ್ನೂ ಕನ್ಸಾಲಿಡೇಷನ್ ಎಂದೇ ಕರೆಯುತ್ತಾರೆ. ಚುನಾವಣೆ ಬಂದಾಗ ಪತ್ರಿಕೆಗಳಲ್ಲಿ ಮತ ಕ್ರೋಡೀಕರಣದ ಮಾತು ಬರುತ್ತದೆ.

ಕಾನೂನು

ಹಲವು ಕಾಯಿದೆಗಳನ್ನು ಒಂದರೊಳಗೆ ತರುವುದು ಶಾಸನ ಕ್ರೋಡೀಕರಣ. 1956ರ ನವೆಂಬರ್ 1ರಂದು ರಾಜ್ಯ ಒಂದಾದಾಗ ಹಳೆ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದ್, ಕೊಡಗು ಪ್ರದೇಶಗಳಿಗೆ ಬೇರೆ ಬೇರೆ ಕಂದಾಯ ಕಾನೂನುಗಳಿದ್ದವು. ಅವನ್ನೆಲ್ಲ ಒಗ್ಗೂಡಿಸಿ ತಿದ್ದಿದ ಭೂಕಂದಾಯ ಕಾಯಿದೆ 1964ರಲ್ಲಿ ಬಂತು. ತುಮಕೂರಿನ ರೈತನ ಪಹಣಿಯೂ ಬೀದರಿನ ರೈತನ ಪಹಣಿಯೂ ಒಂದೇ ನಮೂನೆಯಲ್ಲಿರುವುದು ಇದರಿಂದ. ಇತ್ತೀಚಿನ ನಿದರ್ಶನ ಕೇಂದ್ರದ ಕಾರ್ಮಿಕ ಸಂಹಿತೆಗಳು, ಅಲ್ಲಿ 29 ಕಾಯಿದೆಗಳು ನಾಲ್ಕಾದವು. ಒಂದೇ ಜಮೀನಿನ ಬಗ್ಗೆ ಅಣ್ಣ ಹಾಕಿದ ಪಾಲು ದಾವೆ, ತಮ್ಮ ಹಾಕಿದ ತಡೆಯಾಜ್ಞೆ ದಾವೆಗಳನ್ನು ನ್ಯಾಯಾಲಯ ಸೇರಿಸಿ ವಿಚಾರಣೆ ಮಾಡುವುದಕ್ಕೂ ಕ್ರೋಡೀಕರಣವೆಂದೇ ಹೆಸರು.

ಹಾಲು

ಸರಕನ್ನು ಒಟ್ಟು ಮಾಡುವ ಕೆಲಸವನ್ನು ತುಮಕೂರಿನ ಮಂಡಿಪೇಟೆ ಬಹುಕಾಲದಿಂದ ಮಾಡಿಕೊಂಡು ಬಂದಿದೆ. ಹಳ್ಳಿಯ ಸಣ್ಣ ವ್ಯಾಪಾರಿ ಅರ್ಧ ಮೂಟೆ, ಒಂದು ಮೂಟೆಯಾಗಿ ಕೂಡಿಟ್ಟ ಹುಣಸೆ, ಅಡಿಕೆ ಮಂಡಿಯಲ್ಲಿ ಲೋಡಾಗುತ್ತವೆ. ಆದರೆ ಮಂಡಿಗೆ ಬಂದ ಮೇಲೆ ಯಾವ ಮೂಟೆ ಯಾರ ತೋಟದ್ದೆಂಬ ಗುರುತು ಉಳಿಯುವುದಿಲ್ಲ.

ಹಾಲಿನ ಸಂಘದಲ್ಲಿ ಕ್ರಮ ಬೇರೆ. ಬೆಳಗಿನ ಹೊತ್ತು ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರ ಸಾಲಿನಲ್ಲಿ ಒಬ್ಬೊಬ್ಬರ ಹಾಲನ್ನೂ ಮೊದಲು ಅಳೆದು, ಅದರ ಕೊಬ್ಬು ಮತ್ತು ಕೊಬ್ಬಲ್ಲದ ಘನಾಂಶ ನೋಡಿ, ಪುಸ್ತಕಕ್ಕೂ ಚೀಟಿಗೂ ಬರೆದು ಆಮೇಲೆ ಒಂದೇ ಪಾತ್ರೆಗೆ ಸುರಿಯುತ್ತಾರೆ. ಅಲ್ಲಿಂದ ಶೀತಲ ಕೇಂದ್ರ, ಟ್ಯಾಂಕರು, ಮಲ್ಲಸಂದ್ರದಲ್ಲಿರುವ ಜಿಲ್ಲಾ ಹಾಲು ಒಕ್ಕೂಟದ ಡೇರಿ, ನಂದಿನಿ ಪೊಟ್ಟಣ. ಬೆರೆತ ಹಾಲನ್ನು ಮತ್ತೆ ಬೇರೆ ಮಾಡಲು ಬರುವುದಿಲ್ಲ, ಬೆರೆಯುವ ಮೊದಲಿನ ಲೆಕ್ಕ ಮಾತ್ರ ಚೀಟಿಯಲ್ಲಿ ಉಳಿದಿರುತ್ತದೆ. ಒಂದೇ ಹಸುವಿನವಳಿಗೂ ಹತ್ತು ಹಸುವಿನವನಿಗೂ ದರದ ಪಟ್ಟಿ ಒಂದೇ ಆಗಿರುವುದು ಈ ಚೀಟಿಯ ಬಲದಿಂದ. ಭೂಮಿ, ಬ್ಯಾಂಕುಗಳ ವಿಷಯದಲ್ಲಿ ನೀತಿ ರೂಪಿಸುವವರು ನೋಡಿ ಕಲಿಯಬೇಕಾದ ಪದ್ಧತಿ ಇದು.

ಶಾಲೆಗಳ ಜೋಡಣೆ

ಮಕ್ಕಳು ಕಡಿಮೆಯಾದ ಸರ್ಕಾರಿ ಶಾಲೆಗಳನ್ನು ಹತ್ತಿರದ ದೊಡ್ಡ ಶಾಲೆಯೊಂದಿಗೆ ಸೇರಿಸುವ ಮಾತು ದಶಕಗಳಿಂದ ಬಂದು ಹೋಗುತ್ತಿದೆ. 2018ರ ಆಸುಪಾಸಿನಿಂದ ರಾಜ್ಯದಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳು ಆರಂಭವಾದವು. ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಸುವುದು ಅವುಗಳ ಗುರಿ. ಪ್ರತಿ ತರಗತಿಗೂ ಶಿಕ್ಷಕರು, ಪ್ರಯೋಗಾಲಯ, ಆಟದ ಬಯಲು ಸಿಗುತ್ತದೆಂಬ ವಾದ ಗಟ್ಟಿಯಾದದ್ದೇ. ಐದಾರು ಮಕ್ಕಳಿಗೆ ಒಬ್ಬರೇ ಮೇಷ್ಟ್ರು ಐದು ತರಗತಿಯ ಪಾಠ ಹೇಳುವ ಶಾಲೆಯನ್ನು ಕಂಡವರು ಇದನ್ನು ತಳ್ಳಿಹಾಕಲಾರರು.

ಶಿಕ್ಷಣ ಹಕ್ಕು ಕಾಯಿದೆಯ ರಾಜ್ಯ ನಿಯಮಗಳು ಕಿರಿಯ ಪ್ರಾಥಮಿಕ ಶಾಲೆ ಮನೆಯಿಂದ 1 ಕಿಲೋಮೀಟರಿನೊಳಗೆ, ಹಿರಿಯ ಪ್ರಾಥಮಿಕ ಶಾಲೆ 3 ಕಿಲೋಮೀಟರಿನೊಳಗೆ ಇರಬೇಕೆನ್ನುತ್ತವೆ. ಗೊಲ್ಲರಹಟ್ಟಿಗಳು, ತೋಟದ ಮನೆಗಳು, ನಾಲ್ಕೈದು ಒಕ್ಕಲಿನ ಪಾಳ್ಯಗಳು ಚದುರಿರುವ ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಊರಿನ ಶಾಲೆ ಮುಚ್ಚಿದರೆ ಆರು ವರ್ಷದ ಮಗು ಹೆದ್ದಾರಿಯನ್ನೋ ಕಾಲುವೆಯನ್ನೋ ದಾಟಿ ಹೋಗಬೇಕಾಗಬಹುದು. ಕಾರು ಬೈಕು ಇರುವ ಮನೆಯವರು ಹೇಗೋ ಕಳಿಸುತ್ತಾರೆ. ಕೂಲಿಗೆ ಹೋಗುವ ತಾಯಿಗೆ ಬೆಳಿಗ್ಗೆ ಒಂಬತ್ತೂವರೆಗೆ ಮಗುವನ್ನು ಬಿಟ್ಟುಬರಲು ಬಿಡುವಿಲ್ಲ. ಹೀಗೆ ಶಾಲೆ ಬಿಟ್ಟುಹೋಗುವವರಲ್ಲಿ ಮೊದಲು ಹೆಣ್ಣುಮಕ್ಕಳು. ಶಾಲೆ ಸೇರಿಸುವ ಆದೇಶಕ್ಕೆ ಮೊದಲು ವಾಹನದ ವ್ಯವಸ್ಥೆಯ ಆದೇಶ ಬರಬೇಕು. ಮುಚ್ಚಿದ ಶಾಲೆಯ ದಾಖಲಾತಿ ಪುಸ್ತಕದಲ್ಲಿದ್ದ ಪ್ರತಿ ಹೆಸರೂ ಹೊಸ ಶಾಲೆಯ ಹಾಜರಿಯಲ್ಲಿ ಇದೆಯೇ ಎಂದು ವರ್ಷದ ಕೊನೆಗೆ ಹೋಲಿಸಿ ನೋಡಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಎರಡೂ ಪುಸ್ತಕಗಳು ಸಿಗುವಂಥವೇ.